ಕೊಲೆಸ್ಟ್ರಾಲ್ ವಿಷವಲ್ಲ, ಹಾಗಂತ ಮಾತ್ರೆ ಬಿಡಬೇಡಿ

"ಕೊಲೆಸ್ಟ್ರಾಲ್ ದೇಹಕ್ಕೆ ಬೇಕೇ ಬೇಕು, ಅದಿಲ್ಲದೆ ಮಿದುಳು ಕೆಲಸ ಮಾಡಲ್ಲ, ಇಳಿಸುವ ಮಾತ್ರೆಗಳೆಲ್ಲ ಔಷಧ ಕಂಪನಿಗಳ ಹುನ್ನಾರ." ಇಂಥ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಇದರ ಮೊದಲ ಭಾಗ ನಿಜ. ನನಗೆ ಭಯ ಇರುವುದೂ ಅಲ್ಲೇ. ನಿಜದ ಬೆನ್ನಿಗೆ ಅಂಟಿಕೊಂಡು ಬರುವ ಸುಳ್ಳನ್ನು ಓದಿದವರೂ ನಂಬುತ್ತಾರೆ, ನಂಬಿ ಮಾತ್ರೆ ನಿಲ್ಲಿಸುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ನಿಜವಾದ ಭಾಗ. ಕೊಲೆಸ್ಟ್ರಾಲ್ ಮೇಣದಂಥ ಒಂದು ವಸ್ತು. ನಮ್ಮ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲೂ ಅದಿದೆ. ಪೊರೆ ತೀರಾ ಸಡಿಲವಾಗದಂತೆ, ತೀರಾ ಬಿಗಿಯಾಗದಂತೆ ಹಿಡಿದಿಡುವುದು ಅದರ ಕೆಲಸ. ಕಾರ್ಟಿಸೋಲ್, ಈಸ್ಟ್ರೊಜೆನ್, ಟೆಸ್ಟೊಸ್ಟೆರೋನ್ ಹಾರ್ಮೋನುಗಳು ತಯಾರಾಗುವುದು ಅದರಿಂದಲೇ. ಚರ್ಮದ ಮೇಲೆ ಬಿಸಿಲು ಬಿದ್ದಾಗ ವಿಟಮಿನ್ ಡಿ ಆಗುವುದೂ ಕೊಲೆಸ್ಟ್ರಾಲಿನ ನೇರ ಪೂರ್ವರೂಪವೊಂದರಿಂದ. ತಿಂದ ಕೊಬ್ಬನ್ನು ಕರಗಿಸುವ ಪಿತ್ತಾಮ್ಲಗಳನ್ನು ಯಕೃತ್ತು ಅದರಿಂದ ಮಾಡುತ್ತದೆ. ಕೊಲೆಸ್ಟ್ರಾಲ್ ತಯಾರಿಕೆಯ ಕೊನೆಯ ಹಂತದಲ್ಲೇ ದೋಷವಿರುವ ಮಕ್ಕಳು ಅಂಗವೈಕಲ್ಯ, ಬುದ್ಧಿಮಾಂದ್ಯತೆಯೊಂದಿಗೆ ಹುಟ್ಟುತ್ತಾರೆ. ಅಂದರೆ ಇದು ದೇಹದ ಶತ್ರುವಲ್ಲವೇ ಅಲ್ಲ.

ಮಿದುಳಿನ ಮಾತೂ ಸರಿ. ದೇಹದ ತೂಕದಲ್ಲಿ ಸುಮಾರು 2% ಮಾತ್ರ ಇರುವ ಮಿದುಳಿನಲ್ಲಿ, ದೇಹದ ಒಟ್ಟು ಕೊಲೆಸ್ಟ್ರಾಲಿನ ಸುಮಾರು ಐದನೇ ಒಂದು ಭಾಗ ಇದೆ. ನರತಂತುಗಳ ಸುತ್ತಲಿನ ಮೈಲಿನ್ ಹೊದಿಕೆಗೆ ಅದು ಬೇಕು. ಆದರೆ ಫಾರ್ವರ್ಡ್ ಹೇಳದ ಒಂದು ಮಾತಿದೆ: ರಕ್ತದಲ್ಲಿ ಓಡಾಡುವ ಕೊಲೆಸ್ಟ್ರಾಲ್ ಮಿದುಳಿನೊಳಗೆ ಹೋಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆ ಅದನ್ನು ಬಿಡುವುದಿಲ್ಲ. ತನಗೆ ಬೇಕಾದ್ದನ್ನು ಮಿದುಳು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಲ್ಯಾಬ್ ರಿಪೋರ್ಟಿನಲ್ಲಿ ನಿಮ್ಮ ಎಲ್‌ಡಿಎಲ್ (ಕೊಲೆಸ್ಟ್ರಾಲನ್ನು ರಕ್ತದಲ್ಲಿ ಹೊರುವ ಒಂದು ಬಗೆಯ ಕಣ, ಮುಂದೆ ಹೇಳುತ್ತೇನೆ) 180 ಇದ್ದರೆ ಅದು ಮಿದುಳಿಗೆ ಸಿಗುತ್ತಿರುವ ಪೋಷಣೆ ಅಂತ ಸಮಾಧಾನಪಡಬೇಡಿ.

ಈಗ ತೊಂದರೆ ಎಲ್ಲಿ ಶುರುವಾಗುತ್ತದೆ ನೋಡೋಣ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ರಕ್ತದಲ್ಲಿ ಒಂಟಿಯಾಗಿ ಹರಿಯಲಾರದು. ಪ್ರೋಟೀನು, ಕೊಬ್ಬು ಸೇರಿದ ಪುಟ್ಟ ಕಣಗಳು ಅದನ್ನು ಹೊತ್ತೊಯ್ಯುತ್ತವೆ. ಎಲ್‌ಡಿಎಲ್, ಎಚ್‌ಡಿಎಲ್ ಅಂದರೆ ಇವೇ. ಸರಕು ಒಂದೇ, ಗಾಡಿ ಬೇರೆ. ಎಲ್‌ಡಿಎಲ್ ಕಣಗಳು ಹೆಚ್ಚಿದ್ದಷ್ಟೂ, ಹೆಚ್ಚು ವರ್ಷ ಇದ್ದಷ್ಟೂ, ಅಪಧಮನಿಯ ಗೋಡೆಯೊಳಗೆ ನುಸುಳಿ ಸಿಕ್ಕಿಬೀಳುವ ಸಂಭವ ಹೆಚ್ಚು. ಅವನ್ನು ತೆರವು ಮಾಡಲು ಬಂದ ರಕ್ಷಣಾ ಕೋಶಗಳು ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ದಶಕಗಳಲ್ಲಿ ಅದೊಂದು ಗಡ್ಡೆ. ಒಂದು ದಿನ ಅದರ ಮೇಲ್ಪದರ ಒಡೆದರೆ ರಕ್ತ ಹೆಪ್ಪುಗಟ್ಟಿ ಹರಿವೇ ನಿಂತುಬಿಡಬಹುದು. ಅಲ್ಲಿಯವರೆಗೆ ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. "ನನಗೇನೂ ಆಗ್ತಿಲ್ಲವಲ್ಲ" ಅನ್ನುವವರಿಗೆ ಇದನ್ನು ಹೇಗೆ ಒತ್ತಿ ಹೇಳಲಿ?

ಇನ್ನೊಂದು ಮಾತು, "ನನ್ನ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ಚೆನ್ನಾಗಿದೆ, ಹಾಗಾಗಿ ಎಲ್‌ಡಿಎಲ್ ಜಾಸ್ತಿ ಇದ್ದರೂ ನಡೆಯುತ್ತೆ" ಅನ್ನುವುದು. ನಡೆಯುವುದಿಲ್ಲ. ಎಚ್‌ಡಿಎಲ್ ಏರಿಸುವ ಔಷಧಗಳನ್ನು ದೊಡ್ಡ ಪ್ರಯೋಗಗಳಲ್ಲಿ ಕೊಟ್ಟು ನೋಡಿದ್ದಾರೆ. ಸಂಖ್ಯೆ ಏರಿತು, ಅದಕ್ಕೆ ತಕ್ಕಂತೆ ಹೃದಯಾಘಾತ ಇಳಿಯಲಿಲ್ಲ.

ಎಲ್‌ಡಿಎಲ್ ಕಾರಣ ಎನ್ನುವುದಕ್ಕೆ ಸಾಕ್ಷಿ ಬರೀ ಮಾತ್ರೆ ಕಂಪನಿಗಳದ್ದಲ್ಲ. ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಪ್ರಕೃತಿಯೇ ಮಾಡಿಟ್ಟ ಪ್ರಯೋಗ. ಕೆಲವರಲ್ಲಿ ಪಿಸಿಎಸ್‌ಕೆ9 ಎಂಬ ಜೀನ್ ಹುಟ್ಟಿನಿಂದಲೇ ಕುಂದಿರುತ್ತದೆ. ಅಮೆರಿಕದ ಕಪ್ಪು ಜನಾಂಗದವರಲ್ಲಿ ಹೀಗಿದ್ದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರ ಎಲ್‌ಡಿಎಲ್ ಸರಾಸರಿ 28% ಕಡಿಮೆ, ಹೃದಯದ ರಕ್ತನಾಳದ ಕಾಯಿಲೆಯ ಅಪಾಯ 88% ಕಡಿಮೆ. ಇವರು ಮಾತ್ರೆ ನುಂಗಿ ಹಾಗಾದವರಲ್ಲ, ಹುಟ್ಟಿದ್ದೇ ಹಾಗೆ.

ಆಹಾರದ ಬಗ್ಗೆ ಹೆದರಿಕೆಯೂ ಸ್ವಲ್ಪ ದಾರಿ ತಪ್ಪಿದೆ. ಹೆಚ್ಚಿನ ಪಾಲು ಕೊಲೆಸ್ಟ್ರಾಲನ್ನು ದೇಹವೇ ತಯಾರಿಸುತ್ತದೆ, ತಿಂದದ್ದು ಹೆಚ್ಚಾದರೆ ಬಹುಪಾಲು ಜನರಲ್ಲಿ ತಯಾರಿಕೆ ತಗ್ಗುತ್ತದೆ. ಮೊಟ್ಟೆಯ ಹಳದಿಯನ್ನು ಕಂಡು ಬೆಚ್ಚುವವರು ಬೆಣ್ಣೆ, ತುಪ್ಪದಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿನ ಕಡೆ ಹೆಚ್ಚು ಗಮನ ಕೊಟ್ಟರೆ ಒಳ್ಳೆಯದು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳನ್ನು ಕುಂದಿಸುವುದು ಅದು. ಇನ್ನು ಸಸ್ಯಜನ್ಯ ಎಣ್ಣೆಯ ಬಾಟಲಿ ಮೇಲೆ "ಕೊಲೆಸ್ಟ್ರಾಲ್ ಮುಕ್ತ" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಸಸ್ಯಗಳಲ್ಲಿ ಕೊಲೆಸ್ಟ್ರಾಲ್ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಅಂತ ಹಿಂಬದಿ ನೋಡಿ.

ಎಲ್‌ಡಿಎಲ್ ಎಳೆದುಕೊಳ್ಳುವ ಆ ಗ್ರಾಹಕಗಳನ್ನು ಕಂಡುಹಿಡಿದದ್ದಕ್ಕೇ ಮೈಕೆಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂತು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಶಿಲೀಂಧ್ರದಿಂದ ಮೊದಲ ಸ್ಟಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಔಷಧ, ಹೊರತೆಗೆದರು. ಸ್ಟಾಟಿನ್ ಯಕೃತ್ತಿನ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆ ತುಂಬಿಕೊಳ್ಳಲು ಯಕೃತ್ತು ಇನ್ನಷ್ಟು ಗ್ರಾಹಕಗಳನ್ನು ಹೊರಚಾಚಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುವುದು ನಿಜ. ಆಗ ಡೋಸ್ ಬದಲಿಸಬಹುದು, ಬೇರೆ ಔಷಧವೂ ಇದೆ. ಸುಮ್ಮನೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಕೊನೆಯದಾಗಿ, ತೆಳ್ಳಗಿರುವವರಿಗೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಅಧಿಕ ಎಲ್‌ಡಿಎಲ್ ವಂಶಪಾರಂಪರ್ಯವಾಗಿ ಬಂದಿರುತ್ತದೆ. ಊಟ, ವ್ಯಾಯಾಮ ಎಷ್ಟೇ ಶಿಸ್ತಾಗಿದ್ದರೂ ಅದು ಪೂರ್ತಿ ಇಳಿಯುವುದಿಲ್ಲ. ತಂದೆಗೋ ಅಣ್ಣನಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕನಿಗೋ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ಈ ತಿಂಗಳೇ ಲಿಪಿಡ್ ಪರೀಕ್ಷೆ (ರಕ್ತದ ಕೊಲೆಸ್ಟ್ರಾಲ್, ಕೊಬ್ಬಿನ ಪರೀಕ್ಷೆ) ಮಾಡಿಸಿ. ನಿಮ್ಮ ಎಲ್‌ಡಿಎಲ್ 190 ದಾಟಿದ್ದರೆ ಮಕ್ಕಳದ್ದೂ ಮಾಡಿಸಿ.