ಹಕ್ಕಿಗೂ ಒಲ್ಲೆ ಎನ್ನುವ ಹಕ್ಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೇಟೆ ನಿಯಮಗಳಲ್ಲಿ ಒಂದು ಸಾಲಿದೆ. ಮಲೆನಾಡಿನ ಹಳೆಯ ಕೋವಿಯವರಿಗೆ ಅದನ್ನು ಓದಿ ಹೇಳಿದರೆ ನಕ್ಕುಬಿಟ್ಟಾರು. ವಸಂತದಲ್ಲಿ ಕಾಡು ಟರ್ಕಿ ಕೋಳಿಯನ್ನು ಕೂಗಿ ಕರೆದೇ ಹೊಡೆಯಬೇಕು. ಅದರ ದನಿ ಕೇಳಿದ ದಿಕ್ಕಿಗೆ ಹೊಂಚುತ್ತ ಹೋಗುವುದು ಅಪರಾಧ. ಸದ್ದು ಬಂದ ಕಡೆಗೆ ಸದ್ದಿಲ್ಲದೆ ಹೋಗುವುದನ್ನೇ ಅಲ್ಲವೇ ನಮ್ಮಲ್ಲಿ ಬೇಟೆ ಅಂದಿದ್ದು! ಇಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂತವನು ಬೇಟೆಗಾರ. ನಡೆದು ಬರಬೇಕಾದ್ದು ಹುಂಜ.

ಈ ನಿಯಮದ ಒಂದು ಕಾರಣ ಜೀವಭಯ. ಪೊದೆಯ ಹಿಂದೆ ಕೂಗುತ್ತಿರುವ ‘ಹೇಂಟೆ’ ಎಲೆಬಣ್ಣದ ಬಟ್ಟೆ ತೊಟ್ಟ ಇನ್ನೊಬ್ಬ ಬೇಟೆಗಾರನೇ ಆಗಿರಬಹುದು. ಟರ್ಕಿ ಹುಂಜದ ತಲೆ ಕೆಂಪು, ಬಿಳಿ, ನೀಲಿ. ಹಾಗಾಗಿ ಈ ಮೂರು ಬಣ್ಣಗಳು ಕರವಸ್ತ್ರದಲ್ಲೂ ಇರಕೂಡದು, ಕಾಲುಚೀಲದಲ್ಲೂ ಇರಕೂಡದು. ಬೆನ್ನಿಗಿರುವ ಮರ ಹೆಗಲಿಗಿಂತ ಅಗಲವಿರಬೇಕು. ಯಾರಾದರೂ ಹತ್ತಿರ ಬರುತ್ತಿದ್ದರೆ ಕೈ ಬೀಸಬಾರದು. ಅಲುಗದೆ ಕೂತು ಗಟ್ಟಿಯಾಗಿ ಕೂಗಿ ಹೇಳಬೇಕು. ಸಾರ್ವಜನಿಕ ಕಾಡಿನಲ್ಲಿ ಹುಂಜದ ಗುಳುಗುಳು ಕೂಗನ್ನು ಅನುಕರಿಸುವುದಂತೂ ಗುಂಡನ್ನು ಕರೆದು ಕೂರಿಸಿಕೊಂಡಂತೆ.

ಇನ್ನೊಂದು ಕಾರಣ ನೀತಿಯದು, ನನಗೆ ಹೇಳಬೇಕೆನಿಸಿದ್ದೂ ಅದೇ. ಬೆಳಗಿನ ಜಾವ ಹುಂಜ ತಾನು ರಾತ್ರಿ ಕಳೆದ ಮರದ ಮೇಲಿಂದಲೇ ಗುಳುಗುಳಿಸುತ್ತದೆ. ಅದನ್ನು ಕೇಳಿ ಹೇಂಟೆಗಳು ಅದರ ಬಳಿಗೆ ಹೋಗುವುದು ಪ್ರಕೃತಿಯ ಕ್ರಮ. ಬೇಟೆಗಾರ ಇದನ್ನು ತಿರುವುಮುರುವು ಮಾಡುತ್ತಾನೆ: ಹೇಂಟೆ ಇಲ್ಲೇ ಕೂತಿದ್ದಾಳೆ, ನೀನು ಬಾ. ಮರದ ಪೆಟ್ಟಿಗೆಗೆ ಮುಚ್ಚಳ ಉಜ್ಜಿಯೋ, ಕಲ್ಲಿನ ಬಿಲ್ಲೆಯ ಮೇಲೆ ಕಡ್ಡಿ ಎಳೆದೋ, ಅಂಗುಳಕ್ಕೆ ಒತ್ತಿಟ್ಟ ರಬ್ಬರಿನ ಪೊರೆಯಿಂದಲೋ ಆ ದನಿ ಹೊರಡಿಸಬೇಕು. ರೆಕಾರ್ಡು ಹಾಕುವ ಯಂತ್ರಕ್ಕೆ ಅನುಮತಿಯಿಲ್ಲ. ಟರ್ಕಿಗೆ ಮೂಸಿ ತಿಳಿಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಣ್ಣು ಮಾತ್ರ ಅಸಾಧ್ಯ, ಕತ್ತನ್ನು ಕೊಂಚ ಹೊರಳಿಸಿದರೆ ಸುತ್ತಲೂ ಕಾಣುತ್ತದೆ. ಮೊಣಕಾಲ ಮೇಲಿನ ಕೋವಿ ನಾಲ್ಕು ಬೆರಳು ಸರಿದರೂ ಅದು ಕಂಡುಹಿಡಿದು ಮಾಯವಾಗುತ್ತದೆ.

ಅದಕ್ಕಿಂತ ಹೆಚ್ಚಾಗಿ ಆಗುವುದು ಇನ್ನೊಂದು. ಹುಂಜ ಅರವತ್ತು ಎಪ್ಪತ್ತು ಗಜದವರೆಗೆ ಬಂದು ಒಂದು ಹಳ್ಳದ ಆಚೆಯೋ ಬೇಲಿಯ ಹಿಂದೆಯೋ ನಿಂತು, ಬಾಲ ಬಿಚ್ಚಿ ಕುಣಿಯುತ್ತದೆ. ನಾನು ಇಷ್ಟು ದೂರ ಬಂದೆ, ಇನ್ನು ನೀನು ಬಾ ಎಂಬಂತೆ. ಬೇಟೆಗಾರ ಅವಸರಕ್ಕೆ ಬಿದ್ದು ಮತ್ತೆ ಮತ್ತೆ ಕೂಗಿದಷ್ಟೂ ಅದರ ಕಾಲು ಅಲ್ಲೇ ಊರುತ್ತದೆ, ಇಷ್ಟು ಆತುರದ ಹೇಂಟೆ ತಾನಾಗಿ ಬರಬೇಕಿತ್ತಲ್ಲ. ಕೊನೆಗೆ ಅದು ನಂಬದೆ ಹೊರಟುಹೋಗುತ್ತದೆ. ಹೀಗೆ ನಂಬದೆ ಹೊರಟುಹೋಗುವ ದಾರಿ ಹಕ್ಕಿಗೆ ಕೊನೆಯವರೆಗೂ ತೆರೆದಿರುವುದೇ ನ್ಯಾಯದ ಬೇಟೆ. ಇಲ್ಲಿಯವರ ‘ಫೇರ್ ಚೇಸ್’ ಎಂಬ ಮಾತನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದಾಳಾಗಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಜಿಂಕೆ, ಕರಡಿಗಳಂಥ ದೊಡ್ಡ ಪ್ರಾಣಿಗಳ ಬೇಟೆಗೆ ಇದನ್ನು ಸೂತ್ರವಾಗಿ ಹೇಳಿತು: ಬೇಟೆಗಾರನಿಗೆ ಅನ್ಯಾಯದ ಮೇಲುಗೈ ಇರಬಾರದು. ಅದೇ ಅಳತೆಗೋಲು ಈಗ ಟರ್ಕಿಗೂ ಬಂದಿದೆ.

ಈ ಅಳತೆಗೋಲನ್ನು ಮೊದಲು ಹಿಡಿಯಬೇಕಾದ್ದು ದೀವಕ್ಕೆ, ಅಂದರೆ ಬೇಟೆಯನ್ನು ಸೆಳೆಯಲು ಒಡ್ಡುವ ಪ್ರಾಣಿಗೋ ಬೊಂಬೆಗೋ. ದೀವ ಹಳಗನ್ನಡ ಕಾವ್ಯದ ಕಾಲದಿಂದ ನಮ್ಮಲ್ಲಿರುವ ಮಾತು. ಜಿಂಕೆಗೆ ದೀವದ ಜಿಂಕೆ, ಗೌಜಲಿಗೆ ಪಂಜರದ ಗೌಜಲು. ಬೇಟೆಯಿಂದಲೇ ಬದುಕುತ್ತಿದ್ದ ಪಾರ್ಧಿ ಸಮುದಾಯದವರು ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಹುಲ್ಲೆಯ ಹತ್ತಿರಕ್ಕೆ ಹೋಗುತ್ತಿದ್ದರು. ಇಲ್ಲಿ ರಬ್ಬರಿನ ಹೇಂಟೆಯನ್ನು ಇಪ್ಪತ್ತು ಗಜದಲ್ಲಿ ನಿಲ್ಲಿಸುತ್ತಾರೆ. ಅದರಲ್ಲಿ ನನಗೆ ಅಂಥ ತಕರಾರಿಲ್ಲ, ಅಲುಗದ ಬೊಂಬೆಯನ್ನು ಅನುಮಾನಿಸಲು ಹುಂಜಕ್ಕೆ ಬೇಕಾದಷ್ಟು ಸಮಯವಿದೆ. ತಕರಾರಿರುವುದು ‘ರೀಪಿಂಗ್’ ಬಗ್ಗೆ. ಸತ್ತ ಹುಂಜದ ಬಿಚ್ಚಿದ ಬಾಲವನ್ನು ಮುಖದ ಮುಂದೆ ಹಿಡಿದು, ಬಯಲಿನಲ್ಲಿ ತೆವಳುತ್ತ ಜೀವಂತ ಹುಂಜದ ಮೇಲೇ ಹೋಗುವ ಉಪಾಯ ಅದು. ತನ್ನ ಬಯಲಿಗೆ ಎದುರಾಳಿ ನುಗ್ಗಿದನೆಂದು ಹುಂಜ ತಾನೇ ಓಡಿ ಬಂದು ಮೇಲೆ ಬೀಳುತ್ತದೆ. ಯೋಚಿಸಿ ನಿಲ್ಲುವ ಗುಣವನ್ನೇ ಕಿತ್ತುಕೊಂಡು ಸಿಟ್ಟನ್ನಷ್ಟೇ ಕೆರಳಿಸುವ ದೀವ ಇದು. ಪಾರ್ಧಿಯ ಎತ್ತಿನ ಹಿಂದೆ ಹಸಿವಿತ್ತು; ರೀಪಿಂಗಿನ ಹಿಂದೆ ಹೆಚ್ಚಾಗಿ ಇರುವುದು ವಿಡಿಯೋ ಕ್ಯಾಮೆರಾ. ಬಾಲದ ಹಿಂದೆ ಮನುಷ್ಯನ ತಲೆ ಇದೆಯೆಂದು ದೂರದ ಇನ್ನೊಂದು ಕೋವಿಗೆ ತಿಳಿಯದು, ಆ ಅಪಾಯ ಬೇರೆ. ಟೆನೆಸ್ಸಿ ತನ್ನ ಸರ್ಕಾರಿ ಬೇಟೆ ಕಾಡುಗಳಲ್ಲಿ ಇದನ್ನು ನಿಷೇಧಿಸಿದೆ. ಅಲಬಾಮಾ ಇನ್ನೂ ಮುಂದೆ ಹೋಗಿ, ಬೇಟೆ ಋತುವಿನ ಮೊದಲ ಹತ್ತು ದಿನ ಯಾವ ದೀವವೂ ಬೇಡವೆಂದಿತು.

ಇನ್ನು ದೂರ. ಕಾಡಿನಲ್ಲಿ ಅತಿ ಹೆಚ್ಚು ಪಾಪ ನಡೆಯುವುದು ಇಲ್ಲೇ. ಟರ್ಕಿಯ ಎದೆಗೆ ಹೊಡೆಯಬಾರದು: ಗರಿಯ ಪದರ, ಅದರ ಕೆಳಗೆ ದಪ್ಪ ಮಾಂಸ. ತೋಟಾದಿಂದ ಸಿಡಿಯುವ ಸಣ್ಣ ಕಾಳುಗಳು, ಅಂದರೆ ಚರೆ, ಒಳಗೆ ಸಿಕ್ಕಿಕೊಂಡು ಹಕ್ಕಿ ಹಾರಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಗುರಿ ತಲೆ ಮತ್ತು ಕತ್ತಿನ ಮೇಲೆ ಮಾತ್ರ. ಬಾಲ ಬಿಚ್ಚಿ ಕುಣಿಯುವಾಗ ಹುಂಜ ಕತ್ತನ್ನು ಮೈಯೊಳಗೆ ಎಳೆದುಕೊಂಡಿರುತ್ತದೆ, ಆಗ ಕಾಯಬೇಕು. ಒಂದು ಸಣ್ಣ ‘ಕ್ಲಕ್’ ಕೂಗಿದರೆ ಕತ್ತೆತ್ತಿ ನೋಡುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಹೊತ್ತು ಅದು.

ಋತುವಿಗೆ ಮುಂಚೆ ಕೋವಿಯನ್ನು ಕಾಗದದ ಮೇಲೆ ಪರೀಕ್ಷಿಸುವುದು ಇದಕ್ಕಾಗಿಯೇ. ಹತ್ತು ಅಂಗುಲದ ವೃತ್ತ ಬರೆದು ಇಪ್ಪತ್ತು, ಮೂವತ್ತು, ನಲವತ್ತು ಗಜದಿಂದ ಒಂದೊಂದು ಈಡು ಹೊಡೆದು ತೂತು ಎಣಿಸಬೇಕು. ನೂರಕ್ಕೆ ಕಡಿಮೆ ಬಿದ್ದ ದೂರ ನಿಮ್ಮ ಕೋವಿಯ ದೂರವಲ್ಲ. ಅದೇ ಕೋವಿ, ಅದೇ ತೋಟಾ, ನಳಿಗೆಯ ತುದಿಯನ್ನು ಬಿಗಿಗೊಳಿಸುವ ಅದೇ ಚೋಕು ಇರಬೇಕು; ತೋಟಾದ ಕಂಪನಿ ಬದಲಾದರೂ ಚರೆ ಹರಡುವ ರೀತಿ ಬದಲಾಗುತ್ತದೆ. ತೀರ ಹತ್ತಿರವೂ ಒಳ್ಳೆಯದಲ್ಲ. ಬಿಗಿ ಚೋಕಿನಲ್ಲಿ ಹತ್ತು ಗಜಕ್ಕೆ ಚರೆಯ ಗುಂಪು ಮುಷ್ಟಿಯಷ್ಟೇ ಇರುವುದರಿಂದ ತಲೆ ತಪ್ಪುವುದು ಸುಲಭ. ಗುರಿ ತಪ್ಪಿಸುವ ಇನ್ನೊಂದು ಚಟ, ಹಕ್ಕಿ ಬಿತ್ತೇ ಎಂದು ನೋಡುವ ಆತುರಕ್ಕೆ ಕೆನ್ನೆಯನ್ನು ಕೋವಿಯ ಹಿಡಿಯಿಂದ ಎತ್ತುವುದು. ಈಡು ತಲೆಯ ಮೇಲಿಂದ ಹೋಗುತ್ತದೆ.

ಸೀಸದ ಐದನೇ ನಂಬರಿನ ಚರೆ ಒಂದು ಔನ್ಸಿಗೆ ಸುಮಾರು 170 ಕಾಳು. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ನಿನ ಒಂಬತ್ತನೇ ನಂಬರಾದರೆ 360ರ ಆಸುಪಾಸು. ಕಾಳು ಸಣ್ಣದಾದರೂ ದೂರದಲ್ಲೂ ಚುಚ್ಚುತ್ತದೆ. ಇದರ ಒಳ್ಳೆಯ ಬಳಕೆ, ಹಗುರವಾದ ಇಪ್ಪತ್ತು ಬೋರಿನ ಕೋವಿಯಲ್ಲೂ ನಲವತ್ತು ಗಜಕ್ಕೆ ಖಚಿತವಾಗಿ ಕೊಲ್ಲುವುದು. ಕೆಟ್ಟ ಬಳಕೆ, ಅರವತ್ತು ಎಪ್ಪತ್ತು ಗಜಕ್ಕೆ ಹೊಡೆಯುವುದು. ಹುಂಜ ನಂಬದೆ ನಿಲ್ಲುವುದೂ ಸರಿಯಾಗಿ ಆ ದೂರದಲ್ಲೇ ಎಂಬುದನ್ನು ಮರೆಯಬೇಡಿ. ಬರಲು ಒಲ್ಲೆ ಎಂದ ಹಕ್ಕಿಯನ್ನು ಆ ತೋಟಾ ಕೊಲ್ಲುತ್ತದೆ. ಗುಂಡು ಖಚಿತವಾದರೂ ಬೇಟೆ ಸೋತಿತು ಎನ್ನುತ್ತೇನೆ ನಾನು.

ಕುಳಿತ ಕೂಡಲೇ ಸುತ್ತಲಿನ ನಾಲ್ಕು ಮರಗಳ ದೂರ ಅಳೆದು ನಲವತ್ತರ ಗಡಿ ಗುರುತಿಸಿಕೊಳ್ಳಬೇಕು. ಬಯಲಿನಲ್ಲಿ ಕಣ್ಣಿನ ಅಂದಾಜು ಮೋಸ ಮಾಡುತ್ತದೆ. ಹುಂಜದ ಹಿಂದೆ ಇನ್ನೊಂದು ಹಕ್ಕಿಯಿದ್ದರೆ ಅವು ಬೇರೆಯಾಗುವವರೆಗೆ ಬೆರಳು ಹೊರಗಿರಲಿ. ಬಿದ್ದ ಮೇಲೆ ಬೇಗ ಹೋಗಿ ಕತ್ತಿನ ಮೇಲೆ ಕಾಲಿಡಬೇಕು, ಕಾಲಿನ ಮುಳ್ಳಿನ ಬಗ್ಗೆ ಎಚ್ಚರವಿರಲಿ. ಪರವಾನಗಿಯ ಚೀಟಿ ತುಂಬಿ ಹಕ್ಕಿಗೆ ಕಟ್ಟಿದ ಮೇಲೆಯೇ ಅಲ್ಲಿಂದ ಎತ್ತುವುದು.

ಯಾವ ಹಕ್ಕಿ ಎಂಬ ಪ್ರಶ್ನೆಯೂ ಇದೆ. ಪೆನ್ಸಿಲ್ವೇನಿಯಾದ ಕಾನೂನು ಹೇಳುವುದು ‘ಗಡ್ಡವಿರುವ ಹಕ್ಕಿ’ ಎಂದು, ಹುಂಜ ಎಂದಲ್ಲ. ಗಡ್ಡವೆಂದರೆ ಹುಂಜದ ಎದೆಯಿಂದ ಜೋಲುವ, ಕೂದಲಿನಂತೆ ಕಾಣುವ ಗೊಂಚಲು; ಕೆಲವು ಹೇಂಟೆಗಳಿಗೂ ಅದಿರುತ್ತದೆ. ಅವನ್ನು ಹೊಡೆಯುವುದು ಕಾನೂನುಬದ್ಧ, ಆದರೆ ಅದರೊಂದಿಗೆ ಹತ್ತು ಹನ್ನೆರಡು ಮೊಟ್ಟೆಯ ಗೂಡೂ ಹೋಗುತ್ತದೆ. ಕಾವು ಇಪ್ಪತ್ತೆಂಟು ದಿನ. ಋತುವಿನ ಮೊದಲರ್ಧದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೇಟೆ ನಿಲ್ಲಿಸುವ ಪೆನ್ಸಿಲ್ವೇನಿಯಾದ ನಿಯಮವೂ ಗೂಡಿನ ಹೇಂಟೆಗಳ ನೆಮ್ಮದಿಗಾಗಿಯೇ. ಟೆನೆಸ್ಸಿ 2023ರಲ್ಲಿ ಋತುವನ್ನೇ ಎರಡು ವಾರ ಮುಂದೂಡಿತು, ಹೇಂಟೆಗಳು ಕೂಡುವ ಮೊದಲೇ ಮುಖ್ಯ ಹುಂಜಗಳು ಸಾಯಬಾರದೆಂದು.

ರಾಜ್ಯದಿಂದ ರಾಜ್ಯಕ್ಕೆ ಈ ಗೆರೆ ಸರಿಯುತ್ತದೆ. ಟೆಕ್ಸಾಸಿನ ಹಲವು ಕೌಂಟಿಗಳಲ್ಲಿ ಜೋಳ ಸುರಿದು ಕಾಯುವುದೂ ರೈಫಲ್ಲಿನಿಂದ ಹೊಡೆಯುವುದೂ ತಪ್ಪಲ್ಲ, ಅದೇ ರಾಜ್ಯದ ಪೂರ್ವ ಭಾಗದಲ್ಲಿ ಎರಡೂ ಅಪರಾಧ. ಕಾನೂನು ಕಾಡನ್ನು ನೋಡಿ ಬರೆದದ್ದು, ನೀತಿಯನ್ನು ಅದರಿಂದ ನಕಲು ಮಾಡಿಕೊಳ್ಳಲಾಗದು.

ನಮ್ಮ ಕಡೆಗೆ ಬಂದರೆ ಒಂದು ಮರೆತ ವಿಷಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಟ್ಟಿದಾಗ ಅದರಲ್ಲಿ ಪರವಾನಗಿ ಬೇಟೆಗೂ ಜಾಗವಿತ್ತು. 17ನೇ ಸೆಕ್ಷನ್ ಅದರ ಲಕ್ಷ್ಮಣರೇಖೆ: ವಾಹನದಿಂದ ಹೊಡೆಯಬಾರದು, ಸೂರ್ಯ ಮುಳುಗಿದ ಮೇಲೆ ಹೊಡೆಯಬಾರದು, ಉರುಳು ವಿಷ ಬಳಸಬಾರದು, ಉಪ್ಪುನೆಕ್ಕುವ ಜಾಗದಲ್ಲಿ ನೀರಿನ ದಾರಿಯಲ್ಲಿ ಕಾದು ಕೊಲ್ಲಬಾರದು. ಹೆಸರು ಬೇರೆಯಾದರೂ ಇದೇ ಫೇರ್ ಚೇಸ್. 1991ರ ತಿದ್ದುಪಡಿ ಪರವಾನಗಿ ಬೇಟೆಯನ್ನು ತೆಗೆದುಹಾಕಿದಾಗ ಆ ಸೆಕ್ಷನ್ನೂ ಹೋಯಿತು. ಬೇಟೆ ನಿಂತದ್ದು ಸರಿ. ನಮ್ಮಲ್ಲಿ ಉಳಿದಿರುವ ಕಾಡು ಎಷ್ಟು, ಅದರ ಅಂಚಿನ ಜನ ಎಷ್ಟು ಎಂದು ನೋಡಿದವರು ಬೇರೆ ಮಾತಾಡಲಾರರು. ಅಮೆರಿಕದಲ್ಲಿ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ವನ್ಯಜೀವಿಗಳಿಗೇ ಹೋಗುತ್ತದೆ. ಆ ದುಡ್ಡೂ, ಬಲೆಬೀಸಿ ಹಿಡಿದ ಕಾಡು ಹಕ್ಕಿಗಳನ್ನು ಬರಿದಾದ ಕಾಡುಗಳಿಗೆ ಸಾಗಿಸಿದ ಕೆಲಸವೂ ಸೇರಿ ಟರ್ಕಿ ಮರಳಿತು. ಅದಕ್ಕೂ ಮೊದಲು ಫಾರ್ಮಿನಲ್ಲಿ ಬೆಳೆಸಿ ಬಿಟ್ಟ ಹಕ್ಕಿಗಳು ಉಳಿಯಲಿಲ್ಲ. ಅವಕ್ಕೆ ಅನುಮಾನಪಡುವುದನ್ನು ಕಲಿಸಲು ತಾಯಿಯಿರಲಿಲ್ಲವಲ್ಲ. ಅಂಥ ವ್ಯವಸ್ಥೆ ನಮ್ಮಲ್ಲಿ ಬೆಳೆಯಲಿಲ್ಲ, ಅದನ್ನು ಎತ್ತಿ ತಂದು ನೆಡಲೂ ಆಗದು.

ಆದರೆ ಎಲ್ಲ ಬೇಟೆಯೂ ಒಂದೇ ಅಪರಾಧವಾದ ಮೇಲೆ ಒಂದಕ್ಕೊಂದರ ವ್ಯತ್ಯಾಸ ನಮ್ಮ ಮಾತಿನಿಂದಲೇ ಅಳಿಸಿಹೋಯಿತು. ಗದ್ದಲ ಮಾಡಿ ಪ್ರಾಣಿಯನ್ನು ಎಬ್ಬಿಸುವ ಸೋವು, ಅಡಗಿ ಕೂತು ಕಾಯುವ ಮರಸು, ಪ್ರಾಣಿ ಬರುವ ದಾರಿಯಲ್ಲಿ ಬಿಲ್ಲಿಗೆ ನಿಲ್ಲುವುದು, ಹಳು (ಪೊದೆಗಾಡು) ನುಗ್ಗಿದವನಿಗೂ ನಾಯಿಗೂ ಪಾಲು ಕೊಡುವುದು, ಇವೆಲ್ಲ ಕಾದಂಬರಿಯ ಪದಗಳಾದವು. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದರು. ಆ ಕಾಳಗದಲ್ಲಿ ಹಂದಿಗೂ ಕೊಲ್ಲುವ ಅವಕಾಶವಿತ್ತು. ಉಳಿದುಕೊಂಡದ್ದು ಉರುಳು. ತೋಟದ ಬೇಲಿಗೆ ಹಂದಿಗೆಂದು ಕಟ್ಟಿದ ಕ್ಲಚ್ ವೈರಿನ ಉರುಳಿಗೆ ಚಿರತೆ ಬಿದ್ದ ಸುದ್ದಿ ಬಂದಾಗ ‘ಕಾನೂನುಬಾಹಿರ’ ಎಂದು ಬರೆಯುತ್ತೇವೆ, ಅಷ್ಟಕ್ಕೇ ನಿಲ್ಲುತ್ತೇವೆ. ಉರುಳು ಯಾರನ್ನೂ ನೋಡುವುದಿಲ್ಲ, ಗಂಡೋ ಹೆಣ್ಣೋ ಮರಿಯೋ ಕೇಳುವುದಿಲ್ಲ. ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ, ಸೊಂಟಕ್ಕೆ ತಂತಿ ಬಿಗಿದ ಪ್ರಾಣಿ ಬೆಳಗಿನವರೆಗೂ ಎಳೆದಾಡುತ್ತಿರುತ್ತದೆ. ಕಾನೂನು ಒಂದು ವೇಳೆ ಇಲ್ಲದಿದ್ದರೂ ಇದು ಹೇಸಿಗೆಯ ಕೆಲಸವೇ ಎಂದು ಊರಿನ ಕಟ್ಟೆಯ ಮೇಲೆ ಕೂತವರು ಹೇಳಬೇಕಿತ್ತು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೋವಿಯೂ ಉಳಿಯಿತು, ಗುರಿಯೂ ಉಳಿಯಿತು, ಪ್ರಾಣಿಯೂ ಉಳಿಯಿತು. ಈ ಮೂರರಲ್ಲಿ ಒಂದೂ ಬೇಡದವನು ಉರುಳು ಕಟ್ಟುವವನೊಬ್ಬನೇ.