ರೆನೊನ್ ಮೈದಾನದ ಭಾನುವಾರ ಮತ್ತು ‘ಇಲ್ಲಿ ತಿನ್ನೋದಕ್ಕೆ ಏನೂ ಇಲ್ಲ’ ಎಂಬ ಮಾತು

ಬೆಳಗ್ಗೆ ಕಿವಿಗೆ ಬಿದ್ದ ಒಂದು ಮಾತು ಮಧ್ಯಾಹ್ನವಾದರೂ ಮನಸ್ಸಿನಿಂದ ಇಳಿಯದ ಕಾರಣ ಇದನ್ನು ಬರೆಯುತ್ತಿದ್ದೇನೆ. ಬಾಲಿ ದ್ವೀಪದ ದೆನ್‌ಪಸಾರಿನ ರೆನೊನ್ ಮೈದಾನದಲ್ಲಿ ಎಂದಿನಂತೆ ಮೂರು ಸುತ್ತು ನಡೆದು ಮರದ ಕೆಳಗೆ ಕುಳಿತಿದ್ದೆ. ಹದಿನೈದಿಪ್ಪತ್ತು ಜನರ ಒಂದು ಗುಂಪು ಬಜ್ರ ಸಂಧಿ ಸ್ಮಾರಕದ ಎದುರು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಿತ್ತು. ಅವರ ಬಾಯಲ್ಲಿ ಕನ್ನಡ ಕೇಳಿ ಜೀವ ಅರಳಿತು. ಎದ್ದು ಮಾತನಾಡಿಸಬೇಕೆನ್ನುವಷ್ಟರಲ್ಲಿ ಅವರಲ್ಲೊಬ್ಬರು, “ಬಂದು ಐದು ದಿನ ಆಯ್ತು, ಈ ಊರಲ್ಲಿ ತಿನ್ನೋದಕ್ಕೆ ಏನೂ ಇಲ್ಲ. ಬೇಗ ರೂಮಿಗೆ ಹೋಗಿ ಅವಲಕ್ಕಿ ಕಲಸಿಕೊಳ್ಳೋಣ” ಎಂದರು. ಆ ಮಾತು ಹುಟ್ಟಿದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬ ಹೆಂಗಸು ತಿಪತ್ ಚಾಂತೊಕ್‌ಗೆ ಕಡಲೆಕಾಯಿ ಅರೆಯುತ್ತಿದ್ದಳು.

ನಾನು ಮಾಂಸ, ಮೀನು ತಿನ್ನುವವನಲ್ಲ ಎಂಬುದು ನಿಮಗೆಲ್ಲ ಗೊತ್ತು. ಕುಂದಾಪುರದ ಮನೆಯ ಅಡುಗೆಯನ್ನು ಬಿಟ್ಟು ಬಂದ ಮೇಲೆ ಎಷ್ಟು ಪರದಾಡಿದೆ ಎಂಬುದೂ ಗೊತ್ತು. ಹಾಗಾಗಿಯೇ ಈ ಮಾತು ನನ್ನನ್ನು ಇಷ್ಟು ಕೆರಳಿಸುತ್ತದೆ. ತಿಪತ್ ಎಂದರೆ ಎಳೆಯ ತೆಂಗಿನ ಗರಿಯನ್ನು ಹೆಣೆದು ಮಾಡಿದ ಪುಟ್ಟ ಬುಟ್ಟಿಯೊಳಗೆ ಅಕ್ಕಿ ತುಂಬಿ ಬೇಯಿಸಿದ ಅನ್ನದ ಕಟ್ಟು. ಅಷ್ಟಮಿಗೆ ಮುಂಡುಕನ ಓಲೆ ಸುತ್ತಿ ಮೂಡೆ ಬೇಯಿಸುವವರ ಮನೆಯಲ್ಲಿ ಹುಟ್ಟಿದ ನನಗೆ ಅದು ದೂರದ ನೆಂಟನ ಮುಖದಂತೆ ಕಂಡಿತ್ತು. ಅದನ್ನು ಹೋಳು ಮಾಡಿ, ಬೇಯಿಸಿದ ಸೊಪ್ಪು, ಮೊಳಕೆ ಕಾಳು, ತೋಫು ಸೇರಿಸಿ, ಅಲ್ಲೇ ಒರಳಿನಲ್ಲಿ ಕಡಲೆಕಾಯಿ, ಮೆಣಸು, ಬೆಳ್ಳುಳ್ಳಿ, ಬೆಲ್ಲ ಮತ್ತು ಕೆಂಚೂರ್ ಎಂಬ ಘಮದ ಗೆಡ್ಡೆ ಅರೆದ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ನಮ್ಮೆದುರೇ ಅರೆಯುವುದರಿಂದ ಮೆಣಸು ಎಷ್ಟಿರಬೇಕೆಂದು ನಾವೇ ಹೇಳಬಹುದು. ಇದಕ್ಕಿಂತ ಹೆಚ್ಚಿನ ಉಪಚಾರವನ್ನು ಯಾವ ದೊಡ್ಡ ಹೋಟೆಲು ಮಾಡೀತು?

ಮೈದಾನದ ಸುತ್ತಲಿನ ರಸ್ತೆಗಳನ್ನು ಭಾನುವಾರ ಬೆಳಗಿನ ಹೊತ್ತು ವಾಹನಗಳಿಗೆ ಮುಚ್ಚುತ್ತಾರೆ. ಓಡುವವರು, ಸೈಕಲ್ ತುಳಿಯುವ ಮಕ್ಕಳು, ಧ್ವನಿವರ್ಧಕದ ತಾಳಕ್ಕೆ ಕೈಕಾಲು ಆಡಿಸುವ ನಡುವಯಸ್ಸಿನ ಹೆಂಗಸರ ಸಾಲುಗಳು, ಹುಲ್ಲಿನ ಮೇಲೆ ಚಾಪೆ ಹಾಸಿ ಮೊಮ್ಮಕ್ಕಳಿಗೆ ತುತ್ತು ಕೊಡುವ ಅಜ್ಜಿಯರು, ಗಾಳಿ ಏಳುವ ತಿಂಗಳುಗಳಲ್ಲಾದರೆ ಮೇಲೆ ಗಾಳಿಪಟಗಳು. ನಡುವೆ ನಿಂತಿರುವುದು ಅರ್ಚಕರ ಕೈಗಂಟೆಯ ಆಕಾರದ ಸ್ಮಾರಕ. ಇಲ್ಲಿ ಆ ಗಂಟೆಯನ್ನೇ ಬಜ್ರ ಎನ್ನುತ್ತಾರೆ. 17 ದ್ವಾರ, 8 ಕಂಬ, 45 ಮೀಟರ್ ಎತ್ತರ, ಹೀಗೆ 1945ರ ಆಗಸ್ಟ್ 17ರ ಇಂಡೊನೇಷ್ಯಾದ ಸ್ವಾತಂತ್ರ್ಯ ಘೋಷಣೆಯನ್ನು ಕಲ್ಲಿನಲ್ಲಿ ಎಣಿಸಿಟ್ಟಿದ್ದಾರೆ. ಅದರ ಕಲ್ಪನೆಯ ಬೇರು ಸಮುದ್ರಮಥನದ ಕಥೆಯಲ್ಲಿದೆ. ಮಂದರ ಪರ್ವತ, ಹಾವು, ಅಮೃತದ ಕೊಡ ಎಲ್ಲವನ್ನೂ ಅಲ್ಲಿ ಗುರುತಿಸಬಹುದು. ಮೈದಾನದ ಪೂರ್ಣ ಹೆಸರು ಪುಪುತಾನ್ ಮಾರ್ಗರಾನ. 1946ರ ನವೆಂಬರ್ 20ರಂದು ಮಾರ್ಗಾ ಎಂಬಲ್ಲಿ ಡಚ್ಚರ ವಿರುದ್ಧ ಕೊನೆಯುಸಿರಿನವರೆಗೂ ಕಾದಾಡಿದ ಇ ಗುಸ್ತಿ ಙುರಾಹ್ ರಾಯ್ ಮತ್ತು ಅವರ ಸಂಗಡಿಗರ ನೆನಪು ಅದು. ಇಲ್ಲಿನ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಅಂಥ ನೆಲದಲ್ಲಿ ಇಂದು ಮಕ್ಕಳು ಚೆಂಡಾಡುತ್ತಿದ್ದಾರೆ ಎಂಬುದು ಪ್ರತಿ ವಾರವೂ ನನಗೆ ಹಿತ ಕೊಡುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಇಲ್ಲಿಗೆ ನೇರ ವಿಮಾನ ಆರಂಭವಾದ ಮೇಲೆ ನಮ್ಮವರನ್ನು ಇನ್ನೂ ಹೆಚ್ಚಾಗಿ ನೋಡುತ್ತಿದ್ದೇನೆ. ನನಗೆ ಅದರಿಂದ ಸಂತೋಷವೇ. ಕಡಲತೀರ, ಉಯ್ಯಾಲೆ, ಬತ್ತದ ಗದ್ದೆಯ ಮೆಟ್ಟಿಲು ಎಲ್ಲವನ್ನೂ ನೋಡಲಿ. ಆದರೆ ಒಂದು ಊರಿನ ಜನ ತಮ್ಮ ರಜೆಯ ಬೆಳಗನ್ನು ಹೇಗೆ ಕಳೆಯುತ್ತಾರೆ, ಏನು ತಿನ್ನುತ್ತಾರೆ ಎಂಬುದನ್ನು ಕಣ್ಣೆತ್ತಿಯೂ ನೋಡದೆ, ಅಲ್ಲಿ ತಿನ್ನಲು ಏನೂ ಇಲ್ಲ ಎಂದು ತೀರ್ಪು ಕೊಡುವುದು ನನಗೆ ನೋವು ಕೊಡುತ್ತದೆ.

ಬಾಲಿಯ ಅಡುಗೆಯಲ್ಲಿ ಹಂದಿಮಾಂಸವೇ ಪ್ರಧಾನವಲ್ಲವೇ, ಸೊಪ್ಪಿನ ಪಲ್ಯಕ್ಕೂ ಸಿಗಡಿ ಹಾಕುತ್ತಾರಲ್ಲವೇ ಎಂದು ನೀವು ಕೇಳುತ್ತೀರಿ. ನಿಜ. ಇಡಿಯಾಗಿ ಸುಡುವ ಬಾಬಿ ಗುಲಿಂಗ್ ಹಂದಿಯದೇ, ತರಕಾರಿ, ತೆಂಗಿನ ತುರಿ, ಮಾಂಸ ಕೊಚ್ಚಿ ಕಲಸುವ ಲಾವಾರ್‌ನಲ್ಲಿ ಹಲವು ಬಾರಿ ರಕ್ತವೂ ಇರುತ್ತದೆ, ತೆರಾಸಿ ಎಂಬ ಸಿಗಡಿ ಹುದುಗು ಚಟ್ನಿಗಳಲ್ಲಿ ಅಡಗಿ ಕುಳಿತಿರುತ್ತದೆ, ರುಜಾಕ್ ಎಂಬ ಹಣ್ಣಿನ ಕೋಸಂಬರಿಗೆ ಹಾಕುವ ಪಿಂಡಾಂಗ್ ಸಾರು ಮೀನಿನದು. ಆದರೆ “ತಾನ್ಪಾ ತೆರಾಸಿ” ಎಂಬ ಎರಡು ಪದ ಕಲಿಯುವುದು ಅಷ್ಟೊಂದು ಕಷ್ಟವೇ? ತೆರಾಸಿ ಬೇಡ ಎಂದರೆ ಆ ಹೆಂಗಸು ಒರಳನ್ನು ತೊಳೆದು ಹೊಸದಾಗಿ ಅರೆದು ಕೊಡುತ್ತಾಳೆ. ಮೀನು, ಮಾಂಸ ತಿನ್ನುವವರೂ ಇದೇ ದೂರು ಹೇಳುವುದನ್ನು ಕೇಳಿದ್ದೇನೆ. ಅವರಿಗಂತೂ ಯಾವ ನೆಪವೂ ಇಲ್ಲ.

ಲಕ್ಲಕ್ ಇದೆ. ಮಣ್ಣಿನ ಗುಳಿಗಳಲ್ಲಿ ಮುಚ್ಚಳ ಮುಚ್ಚಿ ಬೇಯಿಸಿದ, ಹಸಿರು ಎಲೆಯ ರಸದ ಬಣ್ಣದ ಅಕ್ಕಿಹಿಟ್ಟಿನ ಪುಟ್ಟ ದೋಸೆ. ಮೇಲೆ ತೆಂಗಿನ ತುರಿ, ಕರಗಿಸಿದ ಬೆಲ್ಲ. ನಮ್ಮ ಗುಳಿಯಪ್ಪದ ಬಳಗದ್ದೇ. ತೆಂಗಿನ ಹಾಲಿನ ಕಪ್ಪಕ್ಕಿ ಪಾಯಸ ಬುಬುಹ್ ಇಂಜಿನ್ ಇದೆ. ದಾಲುಮಾನ್ ಎಂಬ ತಂಪು ಪಾನೀಯವನ್ನು ಮೊದಲ ಬಾರಿ ಕುಡಿದಾಗ ನಾನು ಲೋಟ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ. ಎಲೆಗಳನ್ನು ನೀರಿನಲ್ಲಿ ಕಿವುಚಿ ಹೆಪ್ಪುಗಟ್ಟಿಸಿದ ಹಸಿರು ಲೋಳೆ ಅದು. ಅಮ್ಮ ಬೇಸಿಗೆಯಲ್ಲಿ ಕಿವುಚಿ ಇಡುತ್ತಿದ್ದ ಹಾಡೆಬಳ್ಳಿಯ ಕುಲದ್ದೇ ಬಳ್ಳಿ. ಬಾಂಗ್ಲಿ ಕಡೆಯ ಲೋಲೋಹ್ ಚೆಮ್‌ಚೆಮ್ ಎಂಬ ಹುಳಿ ಪಾನೀಯಕ್ಕೆ ಬಳಸುವುದು ನಮ್ಮ ಅಮಟೆಯ ಎಲೆ. ನಾವು ಕಾಯಿಯನ್ನು ಉಪ್ಪಿನಕಾಯಿಗೆ ಹಾಕಿದೆವು, ಇವರು ಎಲೆಯನ್ನೂ ಬಿಡಲಿಲ್ಲ. ಇಷ್ಟೆಲ್ಲ ನಂಟು ಇರುವಲ್ಲಿ ‘ಏನೂ ಇಲ್ಲ’ ಎಂದರೆ ಹೇಗೆ ಸಹಿಸಲಿ?

ಇಷ್ಟು ಸಿಟ್ಟು ಏಕೆಂದು ನನ್ನನ್ನೇ ಕೇಳಿಕೊಂಡೆ. ಬಂದ ಮೊದಲ ವರ್ಷ, ಗಲುಂಗಾನ್ ಹಬ್ಬದ ದಿನ, ಮನೆಯೊಡತಿ ಒಂದು ತಟ್ಟೆ ತುಂಬ ಜಾಜಾ ಎಂಬ ಅಕ್ಕಿಯ ತಿಂಡಿಗಳನ್ನೂ ಹಣ್ಣುಗಳನ್ನೂ ತಂದು ಬಾಗಿಲಲ್ಲಿ ನಿಂತಿದ್ದಳು. ದೇವರಿಗೆ ಅರ್ಪಿಸಿ ಇಳಿಸಿಕೊಂಡದ್ದು, ನಮ್ಮ ಭಾಷೆಯಲ್ಲಿ ಪ್ರಸಾದ. ಅದರಲ್ಲಿ ಏನು ಹಾಕಿದ್ದಾರೋ ಎಂಬ ಅನುಮಾನದಿಂದ ನಾನು ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಹಿಂದಿರುಗಿಸಿದೆ. ಆಕೆ ನಕ್ಕು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಅದು ಬರೀ ಅಕ್ಕಿ, ಬೆಲ್ಲ, ತೆಂಗಿನಕಾಯಿ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ಆ ಮನೆ ಬಿಟ್ಟಾಗಿತ್ತು. ಕ್ಷಮೆ ಕೇಳಿದ್ದು ಆಮೇಲೂ ಇಲ್ಲ.

ಇಂದು ಬೆಳಗ್ಗೆ ನಾನು ಎದ್ದು ಹೋಗಿ ಆ ಗುಂಪನ್ನು ಕರೆಯಬೇಕಿತ್ತು. ಕೋಪ ಮಾಡಿಕೊಂಡು ಕುಳಿತೆ, ಅವರು ಹೋದರು. ನಿಮ್ಮಲ್ಲಿ ಯಾರಾದರೂ ಬರುವುದಿದ್ದರೆ ಒಂದು ಭಾನುವಾರವನ್ನು ರೆನೊನ್‌ಗೆ ಇಟ್ಟುಕೊಂಡು ನನಗೆ ತಿಳಿಸಿ. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ, ಎರಡು ಸುತ್ತು ಒಟ್ಟಿಗೆ ನಡೆಯೋಣ. ಒಂಬತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ಲಕ್ಲಕ್ ಮುಗಿದುಹೋಗಿರುತ್ತದೆ.