ಇಳುವರಿಯನ್ನು ಅಳೆದವರು ಯಾರು?

ಕೃಷಿ ನೀತಿಯ ಚರ್ಚೆಯಲ್ಲಿ ಯಾರಾದರೂ ಸಮೀಕ್ಷೆಯ ಅಂಕಿಯೊಂದನ್ನು ಮುಂದಿಟ್ಟೊಡನೆ ವಾದ ಮುಗಿದಂತೆ ಎಲ್ಲರೂ ಸುಮ್ಮನಾಗುತ್ತಾರೆ. ಅಂಕಿಅಂಶವೇ ಬೇಡವೆನ್ನುವವನು ನಾನಲ್ಲ. ಆದರೆ ಆ ಅಂಕಿ ಹೊಲದಲ್ಲಿ ತೂಗಿದ್ದೋ, ರೈತನನ್ನು ಕೇಳಿ ಬರೆದುಕೊಂಡಿದ್ದೋ ಎಂದು ವಿಚಾರಿಸದೆ ಅದರ ಮೇಲೆ ನೀತಿ ಕಟ್ಟುವುದನ್ನು ಒಪ್ಪಲಾರೆ.

ಭಾರತದಲ್ಲಿ 1950ರ ದಶಕದಲ್ಲಿ ನಡೆದ ಕೃಷಿ ನಿರ್ವಹಣಾ ಅಧ್ಯಯನಗಳಲ್ಲಿ, ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಉತ್ಪನ್ನ ಹೆಚ್ಚಾಗಿರುವುದು ಕಂಡುಬಂದಿತ್ತು. ಸಣ್ಣ ಹಿಡುವಳಿಯ ಕುಟುಂಬವು ಕೂಲಿಯ ಲೆಕ್ಕ ನೋಡದೆ ತನ್ನ ದುಡಿಮೆಯನ್ನೆಲ್ಲ ಭೂಮಿಗೆ ಹಾಕುವುದು ಇದಕ್ಕೆ ಕಾರಣವಿರಬಹುದೆಂದು 1962ರಲ್ಲಿ ಅಮರ್ತ್ಯ ಸೇನ್ ವಿವರಿಸಿದರು. ಬೇರೆ ದೇಶಗಳಲ್ಲೂ ಇದೇ ಚಿತ್ರ ಮರುಕಳಿಸಿದಾಗ, ಭೂಮಿಯನ್ನು ಹಂಚಿದರೆ ಉತ್ಪನ್ನವೂ ಏರುತ್ತದೆ ಎಂಬ ವಾದಕ್ಕೆ ಅದು ಬಲ ಕೊಟ್ಟಿತು. 2018ರಲ್ಲಿ ಪ್ರಕಟವಾದ ಇಥಿಯೋಪಿಯಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ರೈತರು ಹೇಳಿದ ಇಳುವರಿಯನ್ನು ಹಿಡಿದರೆ ಹಳೆಯ ಸಂಬಂಧ ಹಾಗೆಯೇ ಕಾಣುತ್ತಿತ್ತು. ಅದೇ ಹೊಲಗಳಲ್ಲಿ ಬೆಳೆ ಕಟಾವು ಮಾಡಿ ತೂಗಿ ನೋಡಿದರೆ ಆ ಸಂಬಂಧವೇ ಇರಲಿಲ್ಲ. ಚಿಕ್ಕ ತುಂಡಿನವರು ತಮ್ಮ ಬೆಳೆಯನ್ನು ಹೆಚ್ಚಾಗಿಯೂ ದೊಡ್ಡ ತುಂಡಿನವರು ಕಡಿಮೆಯಾಗಿಯೂ ಅಂದಾಜಿಸಿದ್ದರು. ಇದರಿಂದ ಭೂ ಸುಧಾರಣೆಯ ನ್ಯಾಯ ಕರಗುವುದಿಲ್ಲ, ಏಕೆಂದರೆ ನ್ಯಾಯಕ್ಕೆ ಇಳುವರಿಯ ಸಾಕ್ಷಿ ಬೇಕಿಲ್ಲ. ಆದರೆ ಉತ್ಪಾದಕತೆಯ ಹೆಸರಿನಲ್ಲಿ ವಾದಿಸುವವರು ಇನ್ನು ಮುಂದೆ ತೂಗಿದ ಲೆಕ್ಕವನ್ನೇ ತರಬೇಕಾಗುತ್ತದೆ. (ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ, ಇಳುವರಿ ತೂಗಲು ಹೊಲದಲ್ಲಿ ಕಟಾವು ಮಾಡುವ ತುಂಡು ಎಷ್ಟು ದೊಡ್ಡದಿರಬೇಕೆಂದು 1940ರ ದಶಕದಲ್ಲೇ ವಾದ ಹೂಡಿದ್ದರು. ಆಗ ಅದು ಕೂದಲು ಸೀಳುವ ಜಗಳದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.)

ಯಾರನ್ನು ಎಣಿಸಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಹಿಡುವಳಿಗಳ ಆದಾಯ-ವೆಚ್ಚವನ್ನು ದಾಖಲಿಸಲು ಯುರೋಪಿನಲ್ಲಿ 1965ರಲ್ಲಿ ಆರಂಭವಾದ ಕೃಷಿ ಲೆಕ್ಕಪತ್ರ ಜಾಲವು ಸುಮಾರು 80,000 ಹಿಡುವಳಿಗಳ ಮಾದರಿಯನ್ನು ಆಧರಿಸಿದೆಯಾದರೂ, ನಿಗದಿತ ಆರ್ಥಿಕ ಗಾತ್ರಕ್ಕಿಂತ, ಅಂದರೆ ಉತ್ಪನ್ನದ ಮೌಲ್ಯದಲ್ಲಿ, ಚಿಕ್ಕವು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ಸಮೀಕ್ಷೆ ಸಣ್ಣವರನ್ನೂ ಎಣಿಸುತ್ತದೆ. ಅಲ್ಲಿ ಕೃಷಿಯಿಂದ ಬರುವ ಆದಾಯದ ಮಧ್ಯಾಂಕ (ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನದರ ಆದಾಯ) ಹೆಚ್ಚಿನ ವರ್ಷಗಳಲ್ಲಿ ಸೊನ್ನೆಗಿಂತ ಕೆಳಗಿರುತ್ತದೆ, ಕುಟುಂಬ ನಡೆಯುವುದು ಹೊರಗಿನ ದುಡಿಮೆಯಿಂದ. ಇಂಥ ಕಡೆ ಸರಾಸರಿಯನ್ನಷ್ಟೇ ಓದಿದ ಮಂತ್ರಿಗೆ ರೈತ ಸುಖವಾಗಿದ್ದಾನೆಂದು ತೋರಿದರೆ ತಪ್ಪು ಅವರದೊಂದೇ ಅಲ್ಲ.

ವೆಚ್ಚದ ವಿಷಯದಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಭಾರತದ ಸಾಗುವಳಿ ವೆಚ್ಚ ಸಮೀಕ್ಷೆಯ ಒಂದೇ ನಮೂನೆಯಿಂದ, ಕೈಯಿಂದ ಕೊಟ್ಟ ಖರ್ಚು, ಅದಕ್ಕೆ ಮನೆಯವರ ದುಡಿಮೆ ಸೇರಿಸಿದ ಖರ್ಚು, ಸ್ವಂತ ಭೂಮಿಗೂ ಬಂಡವಾಳಕ್ಕೂ ಅಂದಾಜಿಸಿದ ಗೇಣಿ ಮತ್ತು ಬಡ್ಡಿಯನ್ನೂ ಸೇರಿಸಿದ ಖರ್ಚು ಎಂದು ಬೇರೆ ಬೇರೆ ಮೊತ್ತಗಳು ಹುಟ್ಟುತ್ತವೆ. ಬೆಂಬಲ ಬೆಲೆಯ ಜಗಳವೆಲ್ಲ ಇವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದೇ. ಮನೆಯವರ ದುಡಿಮೆಯನ್ನು ಬಿಡುವ ಲೆಕ್ಕವನ್ನು ನಾನು ಲೆಕ್ಕವೆಂದೇ ಕರೆಯುವುದಿಲ್ಲ. ಗೇಣಿಯ ಬಗ್ಗೆ ಮಾತ್ರ ಹಿಂಜರಿಕೆಯಿದೆ: ಬೆಂಬಲ ಬೆಲೆ ಏರಿದಂತೆ ಗೇಣಿಯೂ ಏರಿ, ಏರಿದ ಗೇಣಿ ಮತ್ತೆ ವೆಚ್ಚವಾಗಿ ಬೆಲೆಯನ್ನು ಏರಿಸೆಂದು ಕೇಳುತ್ತದೆ.

ಎಲ್ಲ ಹೊಲಗಳಲ್ಲೂ ಕಟಾವು ಮಾಡಿ ತೂಗುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇರುವುದಿಲ್ಲ. ಮಾದರಿಯ ಒಂದು ಸಣ್ಣ ಭಾಗದಲ್ಲಾದರೂ ತೂಗಿ, ಹೇಳಿಕೆಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಉಳಿದ ಲೆಕ್ಕಕ್ಕೆ ಹೊಂದಿಸಿ, ಆ ವ್ಯತ್ಯಾಸವನ್ನೂ ಹೆಸರು ತೆಗೆದ ಕುಟುಂಬವಾರು ಮಾಹಿತಿಯನ್ನೂ ವರದಿಯ ಜೊತೆಗೇ ಪ್ರಕಟಿಸಬಹುದು.